ಹೆಸರು ಬಂದಲ್ಲಿ ನಿಲ್ಲುತ್ತಿದ್ದ ವೈನಿ

ಈ ಪುಸ್ತಕದ ರಟ್ಟಿನ ಮೇಲೆ ಬರೆದವರ ಹೆಸರಿಲ್ಲ. ಓದುವವರು ಅದನ್ನು ವಿನಯ ಎಂದುಕೊಳ್ಳಬಾರದು. ಹೆಸರು ಮೊದಲು ಇತ್ತು. ಅದು ಅಲ್ಲಿ ಇರಲಾರದಂತೆ ಮಾಡಿದವರು ನಾವು, ಅಂದರೆ ಸುಲ್ತಾನ್ ಬಜಾರಿನ ಹಿಂದಿನ ಓಣಿಗಳಲ್ಲಿ ಏಕಾದಶಿಗೆ ಭಜನೆಗೆಂದು ಸೇರುವ ಕನ್ನಡದ ಹೆಂಗಸರು. ಎರಡನೆಯ ಸಲ ಅಚ್ಚಿಗೆ ಹೋಗುವಾಗ ವೈನಿಯ ಬಗ್ಗೆ ನಾಲ್ಕು ಮಾತು ಬರೆಯಬೇಕು ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಕಡೆಯೇ ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ವೈನಿ ನನಗೆ ಸಂಬಂಧಿಕರಲ್ಲ. ಎದುರಿನ ಬಿಲ್ಡಿಂಗಿನವರು. ಅವರ ಯಜಮಾನರನ್ನು ಇಡೀ ಓಣಿ ಅಣ್ಣಾರು ಎನ್ನುತ್ತಿತ್ತು, ಹಾಗಾಗಿ ಇವರು ಎಲ್ಲರಿಗೂ ವೈನಿ, ಅಂದರೆ ಅತ್ತಿಗೆ. ಅಣ್ಣಾರದು ಸುಲ್ತಾನ್ ಬಜಾರಿನಲ್ಲಿ ಕುಪ್ಪಸದ ಬಟ್ಟೆಯ ಅಂಗಡಿ. ಅವರು ಗಿರಾಕಿಯೊಡನೆ ಆಡುವಷ್ಟು ಮಾತನ್ನು ಮನೆಯಲ್ಲಿ ಆಡಿದ್ದು ಯಾರೂ ಕೇಳಿಲ್ಲ. ಹೆಂಡತಿಯನ್ನು ಕರೆಯಬೇಕಾದರೆ "ಏ, ಕೇಳಿಲ್ಲಿ" ಎನ್ನುವರು, ಇಲ್ಲವೇ ಒಮ್ಮೆ ಕೆಮ್ಮುವರು. ಆ ಕೆಮ್ಮಿನಲ್ಲಿ ಚಹಾ ಯಾವುದು, ಕನ್ನಡಕ ಯಾವುದು ಎಂದು ವೈನಿಗೆ ತಿಳಿಯುತ್ತಿತ್ತು. ಇಬ್ಬರ ಪಾಲಿನ ಮಾತನ್ನೂ ವೈನಿಯೇ ಆಡುತ್ತಿದ್ದರು ಎಂದು ನಾವು ನಗುತ್ತಿದ್ದೆವು.

ನಮ್ಮ ಕಲಬುರಗಿ, ವಿಜಯಪುರದ ಕಡೆಯ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬರಿದೆ ಹೇಳುವುದಿಲ್ಲ. ಮದುವೆ, ಬಸುರಿಯ ಕುಬಸ, ಅರಿಶಿನ ಕುಂಕುಮ ಎಂದು ಹೆಂಗಸರು ಕೂಡಿದಾಗ "ಹೆಸರು ಹೇಳು, ಹೆಸರು ಹೇಳು" ಎಂದು ಗಂಟು ಬೀಳುತ್ತಾರೆ. ಆಗ ಪ್ರಾಸದ ಎರಡು ಸಾಲು ಕಟ್ಟಿ, ಅದರ ತುದಿಗೆ ಗಂಡನ ಹೆಸರನ್ನು ಕೂರಿಸಿ, ನಾಚಿಕೊಂಡು ಹೇಳಿಬಿಡಬೇಕು. ಅದಕ್ಕೆ ಒಡಪು ಎನ್ನುತ್ತೇವೆ. ಅಜ್ಜಿಯರ ಒಡಪುಗಳಲ್ಲಿ ಬೆಳ್ಳಿ ತಟ್ಟೆ, ಮಲ್ಲಿಗೆ ದಂಡೆ, ಹಸಿರು ಬಳೆ. ವೈನಿಯ ಒಡಪುಗಳಲ್ಲಿ ಕುಕ್ಕರು, ಮೆಟ್ರೋ, ವಾಟ್ಸಾಪು.

ಒಡಪು ಕಟ್ಟುವಾಗ ಅವರ ಕೈಗೆ ಒಂದು ಕೆಲಸ ಬೇಕಾಗುತ್ತಿತ್ತು. ಮೆಂತ್ಯ ಪಲ್ಲೆ ಬಿಡಿಸುವುದೋ, ಹೂಬತ್ತಿ ಹೊಸೆಯುವುದೋ, ಏನಾದರೊಂದು. "ಕೈ ಖಾಲಿ ಇದ್ದರ ತಲಿನೂ ಖಾಲಿನ ಆಗತೈತಿ ತಂಗಿ," ಎನ್ನುವರು. ನಾವು ಎದುರಿಗೆ ಕುಳಿತು ಗಂಡನ ಗುಣ, ಚಟ, ಅವನ ಮೇಲಿನ ಸಿಟ್ಟು ಎಲ್ಲ ಹೇಳಬೇಕು. ಹೆಸರನ್ನು ಮಾತ್ರ ಪಕ್ಕದಲ್ಲಿ ಕುಳಿತವಳು ಹೇಳುತ್ತಿದ್ದಳು. ವೈನಿ ತಲೆ ಎತ್ತದೆ ಎಲ್ಲ ಕೇಳಿಸಿಕೊಂಡು, ಇನ್ನೊಂದು ಹಿಡಿ ಪಲ್ಲೆ ಬಿಡಿಸಿ, ಒಮ್ಮೆಲೇ ಹೇಳಿಬಿಡುತ್ತಿದ್ದರು. ನನ್ನ ಯಜಮಾನರು ಬೇಗಂಪೇಟೆಯ ಆಫೀಸಿಗೆ ಮೆಟ್ರೋದಲ್ಲಿ ಹೋಗಿಬರುತ್ತಾರೆ, ಸೀಟು ಸಿಕ್ಕರೂ ಯಾರಿಗಾದರೂ ಬಿಟ್ಟುಕೊಟ್ಟು ನಿಂತು ಬರುತ್ತಾರೆ, ಮನೆಗೆ ಬಂದು ಕಾಲು ಒತ್ತು ಎನ್ನುತ್ತಾರೆ ಎಂದು ನಾನು ದೂರಿದ್ದೆ. ನನಗೆ ಸಿಕ್ಕದ್ದು ಇದು:

ಮೆಟ್ರೋದಾಗ ಸೀಟು ಸಿಗೂದು ಪೂರ್ವಜನ್ಮದ ಫಲ,
ಸಿಕ್ಕರೂ ನಿಂತ ಬರ್ತಾರ ನಮ್ಮ ವಿಠ್ಠಲ.

ಪಂಢರಪುರದಲ್ಲಿ ಇಟ್ಟಿಗೆಯ ಮೇಲೆ ಯುಗಯುಗದಿಂದ ನಿಂತವನನ್ನು ಮೆಟ್ರೋಗೆ ಹತ್ತಿಸಿ ನಮ್ಮ ಮನೆಗೆ ಕರೆತಂದರಲ್ಲ ಎಂದು ನನಗೆ ಕಣ್ಣು ತುಂಬಿ ಬಂದಿತ್ತು. ಅಂದಿನಿಂದ ಕಾಲು ಒತ್ತುವಾಗ ಗೊಣಗಿಲ್ಲ. ಇದೂ ಪಾಂಡುರಂಗನ ಒಂದು ಕೃಪೆ ಎಂದೇ ಲೆಕ್ಕಕ್ಕೆ ಹಿಡಿದಿದ್ದೇನೆ.

ಕೆಳಗಿನ ಮನೆಯಿಂದ ಬಿರಿಯಾನಿಯ ವಾಸನೆ ಬಂದ ಕೂಡಲೇ ಗಂಡ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ ಎಂದು ಅತ್ತವಳಿಗೆ:

ಕೆಳಗ ಬಿರಿಯಾನಿ, ಮ್ಯಾಲ ಕೋಸಂಬರಿ,
ಹೊಸ್ತಿಲ ಮ್ಯಾಲ ನಿಂತು ಬಿಟ್ಟಾರ ನಮ್ಮ ನರಹರಿ.

ಗಂಡನ ತೂಕದ ಚಿಂತೆಯವಳಿಗೆ:

ಫ್ರಿಜ್ಜಿನ ಬಾಗಲಾ ತಗದು ನಿಂತಾರ ಅರ್ಧಾ ತಾಸ,
ಏನ ಹುಡುಕ್ತಾರೋ ತಿಳಿಯವಲ್ದು ನಮ್ಮ ಶ್ರೀನಿವಾಸ.

ಇಲ್ಲಿ ಒಂದು ಮಾತನ್ನು ಓದುವವರು ಗಮನಿಸಬೇಕು. ಮೇಲೆ ನಾನು ಬರೆದಿರುವ ಹಾಗೆ ವೈನಿ ಎಂದೂ ಹೇಳಿದವರಲ್ಲ. ಅವರು ಕೊನೆಯ ಮಾತನ್ನು ಹೇಳುತ್ತಲೇ ಇರಲಿಲ್ಲ. "ಸಿಕ್ಕರೂ ನಿಂತ ಬರ್ತಾರ ನಮ್ಮ..." ಎಂದು ಅಲ್ಲಿಗೆ ನಿಲ್ಲಿಸಿ, ಹುಬ್ಬು ಎತ್ತಿ ನಮ್ಮನ್ನು ನೋಡುವರು. ಮೊದಲ ಸಲ ನಾನು ಬಾಯಿ ತೆರೆದುಕೊಂಡು ಕುಳಿತಿದ್ದೆ.

"ಮುಂದಿಂದು ಹೇಳ್ರಿ ವೈನಿ."

"ಮುಂದಿಂದು ನಾ ಯಾಕ ಹೇಳಲಿ? ಗಂಡ ನಿನಗೋ ನನಗೋ?"

ಅವರ ಪಾಲಿಗೆ ಇದು ತಮಾಷೆಯಲ್ಲ. ಪ್ರಾಸ ಅವರದು, ಹೆಸರು ಹೇಳುವ ಹಕ್ಕು ಅವನ ಹೆಂಡತಿಯದು. ಇನ್ನೊಬ್ಬಳ ಗಂಡನ ಹೆಸರನ್ನು ಒಡಪಿನೊಳಗೆ ತಮ್ಮ ನಾಲಿಗೆಯಿಂದ ಆಡಿದರೆ ಅವನನ್ನು ತಮ್ಮವನೆಂದು ಹೇಳಿದಂತೆ. ಒಮ್ಮೆ ಟೊಮ್ಯಾಟೊ ಬಂಡಿಯವನು, ಇವರ ಒಡಪುಗಳ ಸುದ್ದಿ ಕೇಳಿ, "ಅಮ್ಮಾ, ಮೇರೆ ನಾಮ್ ಕಾ ಭೀ ಏಕ್ ಬನಾವೋ," ನನ್ನ ಹೆಸರಿಗೂ ಒಂದು ಕಟ್ಟಿಕೊಡಿ ಎಂದು ಗಂಟುಬಿದ್ದ. ವೈನಿ ಟೊಮ್ಯಾಟೊ ಆರಿಸುತ್ತಲೇ ಅವನ ದಖನಿ ಉರ್ದುವಿನಲ್ಲಿ ಎರಡು ಸಾಲು ಕಟ್ಟಿದರು. ಆದರೆ ಅಲ್ಲಿಯೂ ತುದಿಗೆ ಬಂದು ನಿಂತರು. "ಆಖ್ರೀ ಬಾತ್ ತುಮಾರಿ ಬೀಬಿ ಬೋಲ್ನಾ, ಮೈಂ ನೈ." ಕೊನೆಯ ಮಾತು ನಿನ್ನ ಹೆಂಡತಿ ಹೇಳಬೇಕು, ನಾನಲ್ಲ ಎಂದು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕ. ಮರುದಿನ ಅವನ ಹೆಂಡತಿ ಹೇಳಿ ಕಳಿಸಿದ್ದಳಂತೆ, ಭಾಳ ಚಂದ ಆಗೇದ ಎಂದು. ಜೊತೆಗೆ ಒಂದು ಕಟ್ಟು ಕೊತ್ತಂಬರಿ ಬಂದಿತ್ತು.

ನಮ್ಮ ಬಿಲ್ಡಿಂಗಿನಲ್ಲಿ ಮೈಸೂರಿನ ಹುಡುಗಿಯೊಬ್ಬಳು ಬಾಡಿಗೆಗೆ ಇದ್ದಳು, ಕಂಪ್ಯೂಟರ್ ಕೆಲಸದವಳು. ಒಂದು ಅರಿಶಿನ ಕುಂಕುಮಕ್ಕೆ ಬಂದವಳು ಕೇಳಿ ಕೇಳಿ ಬೆರಗಾದಳು. "ಆಂಟಿ, ಇವು ಹನಿಗವನ! ನೀವು ಕವಯಿತ್ರಿ. ಇವನ್ನೆಲ್ಲ ಪುಸ್ತಕ ಮಾಡಬೇಕು," ಎಂದಳು.

"ಮೆಲ್ಲಕ ಮಾತಾಡವಾ. ಹಾಲಿನಾಂವ ಕೇಳಿಸ್ಕೊಂಡರ ರೇಟ್ ಏರಸ್ತಾನ," ಎಂದು ವೈನಿ ಅವಳ ಕೈಗೆ ಇನ್ನೊಂದು ಕೊಬ್ಬರಿ ವಡೆ ಇಟ್ಟು ಬಾಯಿ ಮುಚ್ಚಿಸಿದರು.

ಆ ಸಂಜೆ ನಾನು ಅವರ ಜೊತೆ ಪಾತ್ರೆ ಒರೆಸುತ್ತಿದ್ದೆ. ಅವರು ಕೇಳಿದರು, "ಆ ಹುಡುಗಿ ಏನಂದ್ಲು? ಕವಯಿತ್ರಿ ಅಂದ್ಲಲ್ಲ?"

"ಹೌದ್ರಿ."

"ಚೇಷ್ಟಿ ಮಾಡಿದ್ಲೇನು?"

"ಇಲ್ರಿ ವೈನಿ, ಖರೇನ ಅಂದ್ಲು."

ಅವರು ಒರೆಸಿದ ಲೋಟವನ್ನೇ ಮತ್ತೆ ಒರೆಸಿದರು. ಮುಖ ಆ ಕಡೆ ಇತ್ತು. ಭುಜ ಸಣ್ಣಗೆ ಕುಣಿಯುತ್ತಿತ್ತು. ವೈನಿ ನಗುವುದು ಹಾಗೆ, ಸದ್ದಿಲ್ಲದೆ, ಭುಜದಿಂದ. ಅವರು ಯಾವುದಕ್ಕೂ ಆಸೆ ಪಟ್ಟವರಲ್ಲ. ಇದೊಂದಕ್ಕೆ ಪಟ್ಟರು. ಅದು ನನಗೆ ಆ ದಿನವೇ ಗೊತ್ತಾಗಿತ್ತು, ಮತ್ತೆ ಯಾರಿಗೂ ಗೊತ್ತಿರಲಿಲ್ಲ.

ಅಣ್ಣಾರ ಎಪ್ಪತ್ತರ ಶಾಂತಿ ನಿಶ್ಚಯವಾದಾಗ ನಾವು ಭಜನೆಯ ಹೆಂಗಸರು ಪುಸ್ತಕದ ಮಾತು ಎತ್ತಿದೆವು. ವೈನಿಗೆ ತಿಳಿಯದಂತೆ ಅಚ್ಚು ಹಾಕಿಸಿ, ಅದೇ ದಿನ ಬಂದವರಿಗೆಲ್ಲ ತಾಂಬೂಲದ ಚೀಲದಲ್ಲಿ ಇಟ್ಟು ಕೊಡುವುದು. ಒಡಪುಗಳನ್ನು ಕೂಡಿಸುವ ಕೆಲಸ ನನಗೆ ಬಂತು. ವೈನಿ ಒಂದನ್ನೂ ಬರೆದಿಟ್ಟವರಲ್ಲ. ಯಾರಿಗೆ ಕೊಟ್ಟದ್ದು ಅವರ ಬಾಯಲ್ಲಿ. ನಾನು ಫೋನು ಮಾಡಿ ಮಾಡಿ ಕೇಳಿದೆ. ಒಬ್ಬೊಬ್ಬರೂ ತಮ್ಮ ಒಡಪನ್ನು ಹೆಸರು ಹಿಡಿದೇ ಹೇಳಿದರು. ಎಷ್ಟೋ ವರ್ಷದಿಂದ ಹಾಗೆಯೇ ಹೇಳುತ್ತ ಬಂದವರು, ಇನ್ನು ಹೇಗೆ ಹೇಳಿಯಾರು?

ನನ್ನ ಮಗಳು ಟೈಪು ಮಾಡುತ್ತ ಕೇಳಿದಳು, "ಅವ್ವಾ, ಈ ಹೆಸರುಗಳನ್ನ ಹಂಗ ಇಡ್ಲ್ಯಾ?"

"ಹೆಸರಿಲ್ಲದ ಒಡಪು ಎಲ್ಲ್ಯಾರ ಇರತೈತೇನು? ಇಡು," ಎಂದೆ.

ಪ್ರೆಸ್ಸಿನವನು ಲಗ್ನಪತ್ರಿಕೆ ಅಚ್ಚು ಹಾಕುವವನು, ತೆಲುಗಿನವನು. ಅವನಿಗೆ ಇದೆಲ್ಲ ಹೇಗೆ ತಿಳಿಯಬೇಕು? ರಟ್ಟಿನ ಮೇಲೆ ವೈನಿಯ ಪೂರ್ತಿ ಹೆಸರು, ದೊಡ್ಡ ಅಕ್ಷರದಲ್ಲಿ. ಅದರ ಕೆಳಗೆ ಇಳಕಲ್ ಸೀರೆಯ ಫೋಟೋ. ಕಟ್ಟು ಬಿಚ್ಚಿದಾಗ ನಾವೆಲ್ಲ ಮುಟ್ಟಿ ಮುಟ್ಟಿ ನೋಡಿದೆವು. ದೇವರ ಮುಂದಿಟ್ಟು ಅರಿಶಿನ ಹಚ್ಚಿದೆವು. ಒಳಗಿನದು ನಮ್ಮ ನಮ್ಮದೇ ಒಡಪು, ಬಾಯಿಪಾಠವಿದ್ದದ್ದು. ಅವನ್ನು ಯಾರು ಓದುತ್ತಾರೆ? ನಮ್ಮ ಕಿವಿಗೆ ಅವು ನಮ್ಮ ನಮ್ಮ ದನಿಯಲ್ಲೇ ಕೇಳುತ್ತಿದ್ದವು. ಮೇಲೆ ಒಬ್ಬ ಹೆಂಗಸಿನ ಹೆಸರು, ಒಳಗೆ ಪುಟಕ್ಕೊಬ್ಬ ಗಂಡನ ಹೆಸರು. ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಶಾಂತಿ ಆದದ್ದು ಶಂಶಾಬಾದಿನ ಒಂದು ಕಲ್ಯಾಣಮಂಟಪದಲ್ಲಿ, ಮಗನ ಹೊಸ ಮನೆಗೆ ಹತ್ತಿರವೆಂದು. ಅಣ್ಣಾರು ಮತ್ತೊಮ್ಮೆ ತಾಳಿ ಕಟ್ಟಿದರು. ಅಕ್ಷತೆ ಬಿತ್ತು. ಹೊರಗೆ ವಿಮಾನವೊಂದು ಅಷ್ಟು ಕೆಳಗೆ ಹಾರಿತೆಂದರೆ ಪುರೋಹಿತರ ಮಂತ್ರವೇ ಕೇಳಿಸಲಿಲ್ಲ. ನಂತರ ನಾವು ನಾಲ್ಕು ಜನ ಹೋಗಿ ಪುಸ್ತಕವನ್ನು ವೈನಿಯ ಉಡಿಗೆ ಹಾಕಿದೆವು. ಅವರು ತಮ್ಮ ಹೆಸರಿನ ಮೇಲೆ ಬೆರಳು ಆಡಿಸಿದರು. "ಇಷ್ಟು ದೊಡ್ಡದ ಹಾಕೀರಲ್ಲ," ಎಂದರು. ಅಷ್ಟೇ. ತೆರೆದು ನೋಡಲು ಹೊತ್ತು ಸಿಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅಣ್ಣಾರ ಚಿಕ್ಕಪ್ಪನ ಮಗ ಒಂದು ಕೈಯಲ್ಲಿ ಪುಸ್ತಕ ತೆರೆದುಕೊಂಡು ಮೈಕು ಹಿಡಿದಿದ್ದರು. ಎಲ್ಲಿ ಹೋದರೂ ನಗಿಸುವವರು, ಕೆಟ್ಟವರೇನಲ್ಲ.

"ಕೇಳ್ರಿ ಕೇಳ್ರಿ! ನಮ್ಮ ವೈನಿ ನಮ್ಮಣ್ಣನ ಹೆಂಡ್ತಿ ಅಂತ ಇಷ್ಟು ದಿನ ತಿಳದಿದ್ವಿ. ಇಲ್ಲಿ ನೋಡಿದರ ವಿಠ್ಠಲನೂ ಇವರವನ, ನರಹರಿನೂ ಇವರವನ, ಶ್ರೀನಿವಾಸನೂ ಇವರವನ! ದ್ರೌಪದಿ ಪಾಪ, ಐದಕ್ಕ ನಿಂತಿದ್ಲಪಾ!"

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಮಾತು ಕಿವಿಗೆ ಬಿದ್ದು ಎದೆಗೆ ಇಳಿಯುವ ಮೊದಲೇ ನಗು ಬಂದುಬಿಟ್ಟಿತ್ತು. ಆಮೇಲೆ ವೈನಿಯನ್ನು ನೋಡಿದೆ. ಅವರು ಪುಸ್ತಕ ತೆರೆದಿದ್ದರು. ಒಂದು ಪುಟ, ಇನ್ನೊಂದು ಪುಟ, ಮತ್ತೊಂದು. ಇಷ್ಟು ವರ್ಷ ಯಾವ ಮಾತಿನ ಮುಂದೆ ಬಂದು ಬಾಯಿ ಕಟ್ಟಿ ನಿಂತರೋ ಆ ಮಾತನ್ನೆಲ್ಲ ನಾವು ಅವರ ಬಾಯಿಗೆ ತುರುಕಿ ಅಚ್ಚು ಹಾಕಿಸಿದ್ದೆವು. ಸೊಸೆಯ ಕಡೆಯ ತೆಲುಗು ಬೀಗರು ಏನು, ಏನು ಎಂದು ಕೇಳುತ್ತಿದ್ದರು. ಯಾರೋ ತಿಳಿಸಿ ಹೇಳಿದರು. ಬೀಗತಿ ಸೆರಗನ್ನು ಬಾಯಿಗೆ ಹಿಡಿದರು.

ಹಿಂದಿನ ಸಾಲಿನ ಹೆಂಗಸರಿಗೆ ಇದೊಂದೂ ಗೊತ್ತಿಲ್ಲ. ತಾಳಿ ಕಟ್ಟಿದ ಮೇಲೆ ಕೇಳುವ ಪದ್ಧತಿಯಂತೆ ಅವರು ಕೂಗಿದರು, "ಹೆಸರು ಹೇಳ್ರಿ ವೈನಿ, ಹೆಸರು!"

ಗಂಡಸರ ಕಡೆಯಿಂದ ಒಂದು ದನಿ ಬಂತು. "ಯಾರದು ಹೇಳ್ತಾರ?"

ಮತ್ತೆ ನಗು. ವೈನಿ ಎದ್ದು ನಿಂತರು. ಅವರು ಏನಾದರೊಂದು ಕಟ್ಟುತ್ತಾರೆ, ಆ ಮೈಕಿನವರ ಬಾಯಿ ಮುಚ್ಚಿಸುತ್ತಾರೆ ಎಂದು ನಾನು ಕಾದೆ. ಪಾಂಡುರಂಗಾ, ಎರಡು ಸಾಲು ಕೊಡಪ್ಪಾ ಎಂದು ಒಳಗೇ ಬೇಡಿದೆ. ಅವರ ಕೈಯಲ್ಲಿ ಪುಸ್ತಕ ಬಿಟ್ಟರೆ ಏನೂ ಇರಲಿಲ್ಲ. ಅವರು ಗಂಡನ ಹೆಸರನ್ನು ಹೇಳಿದರು. ಬರಿದೆ. ಪ್ರಾಸವಿಲ್ಲ, ಸಾಲಿಲ್ಲ, ಮುಂದೆ 'ನಮ್ಮ' ಎಂಬುದೂ ಇಲ್ಲ. ಕೋರ್ಟಿನಲ್ಲಿ ಸಾಕ್ಷಿ ಹೇಳುವವರಂತೆ ಹೆಸರು, ಮನೆತನದ ಹೆಸರು ಎರಡನ್ನೂ ಹೇಳಿ ಕುಳಿತುಬಿಟ್ಟರು. ಆಗ ಯಾರೂ ನಗಲಿಲ್ಲ. ಅಣ್ಣಾರು ತಮ್ಮ ಉತ್ತರೀಯದ ಅಂಚನ್ನು ನೋಡುತ್ತ ಕುಳಿತಿದ್ದರು.

ಊಟದ ಹೊತ್ತಿಗೆ ತುಪ್ಪದ ಗಿಂಡಿ ಹಿಡಿದು ಸ್ವತಃ ವೈನಿಯೇ ಬಂದರು. ನನ್ನ ಎಲೆಯ ಮುಂದೆ ಬಗ್ಗಿ, "ಹೋಳಿಗಿ ಮ್ಯಾಲ ಹಾಕ್ಲ್ಯಾ ತಂಗಿ?" ಎಂದರು, ದಿನಾ ಕೇಳುವ ದನಿಯಲ್ಲಿ. ನಾನು ತಲೆ ಎತ್ತಲಿಲ್ಲ. ತುಪ್ಪ ಬಿದ್ದದ್ದು ಕಂಡಿತು. ಅದೊಂದು ದಯೆ, ದೇವರೇ, ಅದನ್ನು ನಾನು ಮರೆತಿಲ್ಲ. ಆದರೆ ಆ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಪುಸ್ತಕಗಳನ್ನು ವಾಪಸು ತೆಗೆದುಕೊಂಡುಬಿಡೋಣ ಎಂದರೆ ಅದೂ ಆಗದ ಮಾತು. ತೆಂಗಿನಕಾಯಿ, ಕುಪ್ಪಸದ ಕಣ, ಅರಿಶಿನ ಕುಂಕುಮದ ಜೊತೆ ತಾಂಬೂಲದ ಚೀಲದಲ್ಲಿ ಹಾಕಿ ಕೊಟ್ಟದ್ದು. ಮುತ್ತೈದೆಗೆ ಕೊಟ್ಟ ತಾಂಬೂಲವನ್ನು ಯಾವ ಬಾಯಿಂದ ತಿರುಗಿ ಕೇಳುವುದು? ಬಾಗಿಲಲ್ಲಿ ನಿಂತು ಒಂದೊಂದು ಚೀಲವೂ ಹೊರಗೆ ಹೋಗುವುದನ್ನು ನೋಡಿದೆವು. ಎಲ್ಲರೂ ನಗುನಗುತ್ತ ನಮಸ್ಕಾರ ಮಾಡಿದರು. ನಾವೂ ಮಾಡಿದೆವು.

ಒಂದು ವಾರ ಅವರ ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಆಮೇಲೆ ಎಣ್ಣೆಗಾಯಿ ಮಾಡಿಕೊಂಡು ಹೋದೆ. ವೈನಿ ಡಬ್ಬಿ ಇಸಿದುಕೊಂಡು, ಮುಚ್ಚಳ ತೆಗೆದು, "ಗುರೆಳ್ಳು ಹಾಕೀಯೇನು? ಛಲೋ ವಾಸನಿ ಬರಾಕತ್ತೈತಿ," ಎಂದರು. ಮಳೆಯ ಮಾತಾಡಿದರು, ಸೊಸೆಗೆ ದಿನ ತುಂಬುತ್ತಿರುವ ಮಾತಾಡಿದರು. ನಾನು ಹೇಗೋ ಬಾಯಿ ತೆರೆದೆ.

"ವೈನಿ, ನಮ್ಮಿಂದ ತಪ್ಪಾತ್ರಿ."

"ನೀವು ಪ್ರೀತಿಲೆ ಮಾಡೀರಿ. ನನಗ ಗೊತ್ತಿಲ್ಲೇನು?"

"ಗಂಡಂದಿರ ಹೆಸರು ತಗದು ಮತ್ತ ಅಚ್ಚ ಹಾಕಸ್ತೀವ್ರಿ. ಆ ಜಾಗಾ ಖಾಲಿ ಬಿಡ್ತೀವಿ."

ಅವರು ಡಬ್ಬಿಯ ಮುಚ್ಚಳ ಹಾಕಿದರು. "ಹಾಕಸ್ತೀರೋ ಇಲ್ಲೋ, ಅದು ನಿಮಗ ಬಿಟ್ಟದ್ದು. ಹಾಕಿಸಿದರ ಮ್ಯಾಲಿಂದ ನನ್ನ ಹೆಸರು ತಗೀರಿ. ಇದೊಂದು ಮಾತು ಕೊಡು ತಂಗಿ. ನಾ ಸತ್ತ ಮ್ಯಾಲೂ ಹಾಕಬ್ಯಾಡ್ರಿ."

ಒಂದು ಲೋಟವನ್ನು ಎರಡು ಸಲ ಒರೆಸಿದ್ದ ಕೈಯನ್ನು ಹಿಡಿದುಕೊಂಡು ನಾನು ಆ ಮಾತು ಕೊಟ್ಟೆ. ಕೊಡಬಾರದಿತ್ತು ಎಂದು ಈಗ ಅನ್ನಿಸುತ್ತದೆ. ಆಗ, ಅವರು ಕೇಳಿದ್ದನ್ನು ಇಲ್ಲ ಎನ್ನುವ ಅಧಿಕಾರ ನನಗೆ ಎಲ್ಲಿತ್ತು?

ಆಮೇಲೆ ವೈನಿ ಒಡಪು ಕಟ್ಟಲಿಲ್ಲ. ಬೇಸರದಿಂದ ಅಲ್ಲ, ಹಟದಿಂದ ಅಲ್ಲ. ಶ್ರಾವಣದಲ್ಲಿ ಹೊಸ ಮದುಮಗಳೊಬ್ಬಳು ಬಂದು ಎದುರಿಗೆ ಕುಳಿತಳು. ವೈನಿ ಮೊದಲಿನಂತೆ ಪಲ್ಲೆ ಬಿಡಿಸುತ್ತ ಕೇಳಿಸಿಕೊಂಡರು. ಇಡೀ ಕಟ್ಟು ಮುಗಿಯಿತು. ತಲೆ ಎತ್ತಿ, "ಬರವಲ್ದು ನನ್ನವ್ವಾ," ಎಂದರು. ಆ ಹುಡುಗಿ ಇಂಟರ್ನೆಟ್ಟಿನಲ್ಲಿ ಹುಡುಕಿ ಯಾವುದೋ ಒಂದನ್ನು ಹೇಳಿದಳು. ವೈನಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ನಾನು ಅಡುಗೆಮನೆಗೆ ಎದ್ದು ಹೋದೆ.

ಮುಂದಿನ ಬೇಸಿಗೆಯಲ್ಲಿ ಹೋಗಿಬಿಟ್ಟರು. ಬೆಳಿಗ್ಗೆ ಪೂಜೆ ಮುಗಿಸಿ ಎದೆ ಒತ್ತಿಕೊಂಡು ಕುಳಿತವರು ಮತ್ತೆ ಏಳಲಿಲ್ಲ. ನರಳಲಿಲ್ಲ, ಆಸ್ಪತ್ರೆಯ ನಳಿಗೆಗಳಿಗೆ ಸಿಕ್ಕಲಿಲ್ಲ. ಮೊಮ್ಮಗಳ ಮುಖ ನೋಡಿದ್ದರು. ಹಣೆಯ ಕುಂಕುಮ ಹಾಗೆಯೇ ಇತ್ತು. ಅವರು ದೇವರಲ್ಲಿ ಬೇಡಿದ್ದು ಇಷ್ಟೇ, ಇಷ್ಟನ್ನೂ ಅವನು ಕೊಟ್ಟ. ಅವರು ಬೇಡದೆ ಆಸೆ ಪಟ್ಟದ್ದು ಒಂದಿತ್ತಲ್ಲ, ಅದು ನಮ್ಮ ಕೈಯಲ್ಲಿತ್ತು. ಅದನ್ನು ನಾವು ಹಾಳು ಮಾಡಿದೆವು.

ಈ ಎರಡನೆಯ ಅಚ್ಚಿನ ಕೆಲಸ ಶುರುವಾದದ್ದು ಆಮೇಲೆ. ಈ ಸಲ ನಾನೊಬ್ಬಳೇ ಕುಳಿತು ಒಂದೊಂದು ಒಡಪನ್ನೂ ಓದಿ ಗಂಡಂದಿರ ಹೆಸರು ತೆಗೆದಿದ್ದೇನೆ. ಮೇಲೆ ನಾನು ಉದಾಹರಿಸಿದ ಮೂರಕ್ಕೆ ಆ ಮೂವರು ಹೆಂಡತಿಯರ ಒಪ್ಪಿಗೆ ಇದೆ, ಅದರಲ್ಲಿ ಒಬ್ಬಳು ನಾನು. ರಟ್ಟನ್ನೂ ಖಾಲಿ ಬಿಡುವುದು ಎಂದು ಪ್ರೆಸ್ಸಿನವನಿಗೆ ಹೇಳಿಬಂದ ಮರುದಿನ ಬೆಳಿಗ್ಗೆ ಅಣ್ಣಾರು ನಮ್ಮ ಮನೆಗೆ ಬಂದರು. ಹೆಂಡತಿ ಇದ್ದಾಗ ಅವರು ನಮ್ಮ ಮೆಟ್ಟಿಲು ಹತ್ತಿದವರಲ್ಲ. ನನ್ನ ಯಜಮಾನರು ಆಫೀಸಿಗೆ ಹೊರಟು ನಿಂತಿದ್ದರು, ಬ್ಯಾಗು ಕೆಳಗಿಟ್ಟು ಕುಳಿತರು.

"ಮ್ಯಾಲ ಹೆಸರಿಲ್ಲಂತ," ಎಂದರು ಅಣ್ಣಾರು.

"ವೈನಿ ಮಾತು ತಗೊಂಡಾರ್ರಿ ಅಣ್ಣಾರ."

"ನಿಮ್ಮ ಕಡೆ ತಗೊಂಡಾಳ. ನನ್ನ ಕಡೆ ತಗೊಂಡಿಲ್ಲಲ್ಲ? ನಾ ಹೇಳಾಕತ್ತೀನಿ, ಹಾಕ್ರಿ."

"ಸತ್ತ ಮ್ಯಾಲೂ ಬ್ಯಾಡ ಅಂದಾರ್ರಿ. ನಾ ಹೆಂಗ ಮೀರಲಿ?"

ಅವರು ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ನಾನು ಚಹಾಕ್ಕೆ ಏಳಬೇಕೋ ಬೇಡವೋ ತಿಳಿಯದೆ ಅರ್ಧ ಎದ್ದು ಕುಳಿತೆ.

"ಆ ದಿನ ಶಂಶಾಬಾದದಿಂದ ಗಾಡ್ಯಾಗ ಬರೂಮುಂದ ಅಕಿ ನನಗ ಒಂದ ಮಾತು ಕೇಳಿದ್ಲು ತಂಗಿ. 'ಎಲ್ಲಾರ ಮುಂದ ನಿಮ್ಮ ಹೆಸರು ತಗೊಂಡೆ, ಸಿಟ್ಟಾದ್ರೇನು?' ಅಂದ್ಲು. ನಾ ಏನೂ ಅನಲಿಲ್ಲ. ಕಿಡಕಿ ಕಡೆ ನೋಡಿದೆ. ಸಿಟ್ಟಿರಲಿಲ್ಲ ನನಗ. ಏನನಬೇಕೋ ತಿಳೀಲಿಲ್ಲ. ಮನಿ ಬಂತು, ಅಕಿ ಇಳದು ಹ್ವಾದ್ಲು. ಮತ್ತ ಕೇಳಲೇ ಇಲ್ಲ."

ನಾಚಿಕೆ ನಮ್ಮದು ಮಾತ್ರ ಎಂದುಕೊಂಡಿದ್ದೆ. ಎದುರಿಗೆ ಕುಳಿತ ಮುದುಕರ ಮುಖ ನೋಡಲಾಗಲಿಲ್ಲ. ಆದರೂ ಮಾತು ಮಾತೇ. ರಟ್ಟಿನ ಮೇಲೆ ನಾನು ಹಾಕಲಾರೆ ಎಂದೆ. ಆಮೇಲೆ, ಯಾರು ಹೇಳಿಸಿದರೋ ಗೊತ್ತಿಲ್ಲ, ನನ್ನ ಬಾಯಿಗೆ ಬಂತು. "ಮದುವ್ಯಾಗ ಗಂಡಸರಿಗೂ ಒಡಪು ಕೇಳ್ತೀವಲ್ರಿ ಅಣ್ಣಾರ. ಗಂಡ ಹೇಂತಿ ಹೆಸರು ಹೇಳತಾನ. ಪುಸ್ತಕದಾಗ ಕಡೀ ಹಾಳಿ ಖಾಲಿ ಐತಿ. ಅವರ ಹೆಸರು ನಾವು ಹೇಳಬಾರದು. ನೀವು ಹೇಳಬಹುದು."

"ನನಗೆಲ್ಲಿ ಬರತೈತಿ ಅದೆಲ್ಲಾ," ಎಂದು ಟೋಪಿ ಹಾಕಿಕೊಂಡು ಎದ್ದು ಹೋದರು.

ಹತ್ತು ಹನ್ನೆರಡು ದಿನ ಸುದ್ದಿಯಿಲ್ಲ. ಪ್ರೆಸ್ಸಿನವನು ಅವಸರ ಮಾಡತೊಡಗಿದ. ಕೊನೆಯ ಹಾಳೆ ಖಾಲಿಯೇ ಹೋಗಲಿ ಎಂದು ಹೇಳುವುದರಲ್ಲಿದ್ದೆ. ಅಷ್ಟರಲ್ಲಿ ಒಂದು ಮಧ್ಯಾಹ್ನ ಬಾಗಿಲ ಹೊರಗೆ ಕೆಮ್ಮು ಕೇಳಿತು. ಅಣ್ಣಾರು ಒಳಗೆ ಬರಲೊಲ್ಲರು. ಮೆಟ್ಟಿಲ ಮೇಲೆಯೇ ನಿಂತಿದ್ದರು. ಕೈಯಲ್ಲಿ ಕುಪ್ಪಸದ ಬಟ್ಟೆಯ ಮಡಿಕೆಯೊಳಗೆ ಇಡುವ ದಪ್ಪ ರಟ್ಟಿನ ತುಂಡು, ಅದರ ಮೇಲೆ ಅಂಗಡಿಯ ನೀಲಿ ಪೆನ್ಸಿಲಿನಲ್ಲಿ ಎರಡು ಸಾಲು. ಕೊಡಲು ಚಾಚಿದವರು ಮತ್ತೆ ಹಿಂದಕ್ಕೆ ಎಳೆದುಕೊಂಡರು.

"ಮದಲ ಓದಿ ಆಮ್ಯಾಲ ಕೊಡ್ತೀನಿ," ಎಂದರು.

ಮೊದಲನೆಯ ಸಾಲು, "ಊರ ಗಂಡಸರ ಹೆಸರೆಲ್ಲಾ ಸಾಲಾಗಿ ಕೂಡಿಸಿಟ್ಟಾಕಿ," ಎಂದಿತ್ತು. ಎರಡನೆಯದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಕೊನೆಯ ಹಾಳೆಯಲ್ಲಿ ಅವರದೇ ಆಗಿ ಇದೆ. ಪ್ರಾಸ ಸರಿಯಾಗಿ ಕೂಡಿಲ್ಲ. ಅಣ್ಣಾರು ಅದನ್ನು ಪಿಸುಗುಟ್ಟಲಿಲ್ಲ. ಹಬ್ಬದ ಗದ್ದಲದಲ್ಲಿ ಗಿರಾಕಿಯನ್ನು ಕರೆಯುವಷ್ಟು ದೊಡ್ಡ ದನಿಯಲ್ಲಿ ಹೇಳಿದರು, ತುದಿಯ ಹೆಸರನ್ನು ಇನ್ನೂ ದೊಡ್ಡದಾಗಿ. ಮೆಟ್ಟಿಲ ಮೇಲೆಲ್ಲ ಅದೇ ಕೇಳಿತು. ಎದುರು ಮನೆಯ ತೆಲುಗು ಹುಡುಗಿ ಗಾಬರಿಯಾಗಿ ಬಾಗಿಲು ತೆರೆದಳು.

"ಏಮೈಂದಿ ಅಂಕುಲ್? ಎವರಿನಿ ಪಿಲುಸ್ತುನ್ನಾರು?" ಏನಾಯಿತು, ಯಾರನ್ನು ಕರೆಯುತ್ತಿದ್ದೀರಿ ಎಂದು.

ಅಣ್ಣಾರು ರಟ್ಟನ್ನು ನನ್ನ ಕೈಗೆ ಕೊಟ್ಟು ಅವಳ ಕಡೆ ತಿರುಗಿದರು. "ಏಂ ಲೇದಮ್ಮಾ," ಎಂದರು ಅವಳದೇ ಮಾತಿನಲ್ಲಿ. ಏನಿಲ್ಲಮ್ಮಾ, ನನ್ನ ಹೆಂಡತಿಯ ಹೆಸರು ಹೇಳಿದೆ.